ಹೂವಿಗೆ ಹತ್ತಿರ ಹೋಗಲು ಯಾವ ಲೆನ್ಸ್? ಕಪ್ಪು ಮಣ್ಣಿನ ಹೊಲದಿಂದ ಒಂದಿಷ್ಟು ಸಲಹೆ

ಮ್ಯಾಕ್ರೋ ಲೆನ್ಸ್, ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್, ಕೊಳ್ಳುವ ಆಸೆ ಇದ್ದರೆ ಮೊದಲು ಒಂದು ಪ್ಲಾಸ್ಟಿಕ್ ಸ್ಕೇಲ್ ಕೊಳ್ಳಿ. ಅದನ್ನು ಜೇಬಿಗೆ ಹಾಕಿಕೊಂಡು ಹೊಲದ ಬದುವಿಗೆ ಹೋಗಿ. ನೀವು ಫೋಟೊ ತೆಗೆಯಬೇಕು ಅಂದುಕೊಂಡ ಹೂಗಳನ್ನು ಅಳೆಯಿರಿ. ಹತ್ತಿ ಹೂ ಐದು ಸೆಂಟಿಮೀಟರ್ ದಾಟುತ್ತದೆ. ಎಕ್ಕದ ಹೂ ಮೂರು ನಾಲ್ಕು. ತೊಗರಿ ಹೂ ಸುಮಾರು ಎರಡು. ತುಂಬೆ, ನೆಗ್ಗಿಲು ಒಂದರ ಆಸುಪಾಸು. ವಿಷ್ಣುಕ್ರಾಂತಿಯ ನೀಲಿ ಹೂ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಈ ಅಳತೆ ಕೈಯಲ್ಲಿ ಇಲ್ಲದೆ ಅಂಗಡಿಗೆ ಹೋದರೆ ಅಂಗಡಿಯವರು ತಮ್ಮ ಬಳಿ ಇರುವುದನ್ನು ಮಾರುತ್ತಾರೆ. ನಿಮಗೆ ಬೇಕಾದುದನ್ನಲ್ಲ.

ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಪುಸ್ತಕದಲ್ಲಿರುವ ಹೂವಿನ ಚಿತ್ರಗಳು ಎಲ್ಲಿಂದಲೋ ಬಂದವು. ನಮ್ಮ ಮಕ್ಕಳು ದಿನಾ ನೋಡುವುದು ತೊಗರಿ, ಕಡಲೆ, ಕುಸುಬೆ, ತಂಗಡಿ, ಜಾಲಿ. ಅವುಗಳ ಫೋಟೊ ನಾನೇ ತೆಗೆಯೋಣ ಅಂತ ಕ್ಯಾಮೆರಾ ಹಿಡಿದೆ. ತಮ್ಮ ಯಾದಗಿರಿಯಲ್ಲಿ ಮದುವೆ ಫೋಟೊ ತೆಗೆಯುತ್ತಾನೆ. ಅವನ ಲೆನ್ಸುಗಳನ್ನು ಲಗ್ನದ ಸೀಸನ್ ಇಲ್ಲದಾಗ ನಾನು ತಂದು ಬಳಸುತ್ತೇನೆ. ಹಾಗಾಗಿ ತರಹೇವಾರಿ ಸಾಮಾನು ಕೈ ದಾಟಿ ಹೋಗಿದೆ. ಅವನು ಮ್ಯಾಕ್ರೋ ಲೆನ್ಸ್ ಇಟ್ಟುಕೊಂಡಿರುವುದು ಉಂಗುರ, ತಾಳಿ, ಮೆಹೆಂದಿ ತೆಗೆಯಲು. "ಅಕ್ಕಾ, ನನ್ನ ಉಂಗುರ ಗಾಳಿಗೆ ಅಲ್ಲಾಡಂಗಿಲ್ಲ ನೋಡು" ಅನ್ನುತ್ತಾನೆ. ಅವನು ತಮಾಷೆಗೆ ಹೇಳಿದರೂ ಪೂರ್ತಿ ವಿಷಯ ಅದೇ. ನಮ್ಮ ಬಯಲಿನಲ್ಲಿ ಹೂವನ್ನು ದೊಡ್ಡದು ಮಾಡುವುದು ಕಷ್ಟವಲ್ಲ. ಗಾಳಿ ಮತ್ತು ಬಿಸಿಲನ್ನು ಹಿಡಿತಕ್ಕೆ ತರುವುದೇ ಕಷ್ಟ. ದುಡ್ಡು ಹಾಕುವಾಗ ಇದು ನೆನಪಿರಲಿ.

ಇರುವ ಲೆನ್ಸನ್ನು ಮೊದಲು ಅಳೆಯಿರಿ

ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನು 55ಕ್ಕೆ ತಿರುಗಿಸಿ. (ಲೆನ್ಸಿನ ಹೆಸರಿನ ಈ ಅಂಕಿಗಳು ಮಿಲಿಮೀಟರ್ ಲೆಕ್ಕದಲ್ಲಿ ಅದರ ಫೋಕಲ್ ಉದ್ದ; ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ.) ಮ್ಯಾನುಯಲ್ ಫೋಕಸ್‌ಗೆ ಹಾಕಿ, ಎಷ್ಟು ಹತ್ತಿರ ಫೋಕಸ್ ಆಗುತ್ತದೋ ಅಷ್ಟಕ್ಕೆ ಇಡಿ. ಈಗ ಸ್ಕೇಲ್‌ನ ಫೋಟೊ ತೆಗೆಯಿರಿ. ಚೌಕಟ್ಟಿನ ಎಡದಿಂದ ಬಲಕ್ಕೆ ಎಷ್ಟು ಮಿಲಿಮೀಟರ್ ಕಾಣಿಸಿತು ಅಂತ ಎಣಿಸಿ. ಕ್ಯಾಮೆರಾದೊಳಗೆ ಚಿತ್ರ ಬೀಳುವ ಚಿಪ್ಪಿಗೆ ಸೆನ್ಸರ್ ಅನ್ನುತ್ತಾರೆ; ಸಣ್ಣದು ಕ್ರಾಪ್, ದೊಡ್ಡದು ಫುಲ್ ಫ್ರೇಮ್. ಸಾಮಾನ್ಯ ಕ್ರಾಪ್ ಸೆನ್ಸರ್‌ನ ಅಗಲ ಕ್ಯಾನನ್‌ನಲ್ಲಿ ಸುಮಾರು 22 ಮಿಲಿಮೀಟರ್, ನಿಕಾನ್ ಮತ್ತು ಸೋನಿಯಲ್ಲಿ ಸುಮಾರು 23.5. ಫುಲ್ ಫ್ರೇಮ್ ಆದರೆ 36. ಆ ಅಗಲವನ್ನು ಕಾಣಿಸಿದ ಮಿಲಿಮೀಟರ್‌ನಿಂದ ಭಾಗಿಸಿ. 22 ಮಿಲಿಮೀಟರ್ ಸೆನ್ಸರ್ ಮೇಲೆ 64 ಮಿಲಿಮೀಟರ್ ಕಂಡರೆ ಉತ್ತರ ಸುಮಾರು 0.34. ಅಂದರೆ ಹೂವಿನ ನಿಜ ಗಾತ್ರದ ಮೂರನೇ ಒಂದು ಪಾಲು ಸೆನ್ಸರ್ ಮೇಲೆ ಬೀಳುತ್ತಿದೆ. ಇದು 1 ಆದಾಗ ಅದಕ್ಕೆ 1:1 ಅನ್ನುತ್ತಾರೆ. ಮ್ಯಾಕ್ರೋ ಲೆನ್ಸಿನ ಹೆಮ್ಮೆ ಇರುವುದೇ ಅದರಲ್ಲಿ.

ಈ ಲೆಕ್ಕ ಮಾಡಿದ ಮೇಲೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ. ಹತ್ತಿ ಹೂವಿಗೆ ನಿಮ್ಮ ಹಳೆಯ 18-55 ಸಾಕು. ಎಕ್ಕದ ಗೊಂಚಲಿಗೂ ಸಾಕು. ತೊಗರಿ ಹೂವಿನ ಹಳದಿ ದಳದ ಬೆನ್ನಿನ ಮೇಲೆ ಕೆಂಪು ಗೀರು ಇರುತ್ತವಲ್ಲ, ಅವು ಚೆನ್ನಾಗಿ ಕಾಣಬೇಕಾದರೆ ಅರ್ಧ ಗಾತ್ರ, ಅಂದರೆ 1:2 ಬೇಕು. ತುಂಬೆ, ವಿಷ್ಣುಕ್ರಾಂತಿ, ಎಕ್ಕದ ಹೂವಿನ ನಡುವಿನ ಕಿರೀಟದ ವಿವರ, ಇವಕ್ಕೆ ಮಾತ್ರ 1:1. ಅದಕ್ಕಿಂತ ಮುಂದೆ ಹೋಗುವುದು ಕೂದಲು, ಪರಾಗದ ಕಣ ನೋಡುವವರ ಕೆಲಸ. ಅದು ಹೊಲದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಾಡಬೇಕು.

ಒಂದು ಎಚ್ಚರಿಕೆ. ಜೂಮ್ ಲೆನ್ಸಿನ ಮೇಲೆ 'ಮ್ಯಾಕ್ರೋ' ಅಂತ ಬರೆದಿದ್ದರೆ ಅದು 1:1 ಅಂತ ತಿಳಿಯಬೇಡಿ. ಆದರೆ ಅವೆಲ್ಲ ಮೋಸ ಅಂತಲೂ ಅಲ್ಲ. ಸಿಗ್ಮಾ, ಟ್ಯಾಮ್ರಾನ್‌ನ ಹಳೆಯ 70-300 ಮ್ಯಾಕ್ರೋ ಜೂಮ್‌ಗಳು ಉದ್ದದ ತುದಿಯಲ್ಲಿ 1:2 ಕೊಡುತ್ತವೆ, ಅದೂ ಸುಮಾರು 95 ಸೆಂಟಿಮೀಟರ್ ದೂರದಿಂದ. ಜಾಲಿ ಮುಳ್ಳಿನ ಬೇಲಿಯ ಆಚೆ ಇರುವ ಹೂವಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು?

ಮ್ಯಾಕ್ರೋ ಲೆನ್ಸ್ ಇಲ್ಲದೆ ಮೂರು ದಾರಿ

ಮೊದಲನೆಯದು ಕ್ಲೋಸ್-ಅಪ್ ಲೆನ್ಸ್. ಫಿಲ್ಟರ್ ತರಹ ಮುಂದೆ ಹಾಕುವ ಗಾಜು. ನಾಲ್ಕು ಗಾಜಿನ ಅಗ್ಗದ ಸೆಟ್ ಬೇಡವೇ ಬೇಡ. ಅದರಲ್ಲಿ ಪ್ರತಿಯೊಂದೂ ಒಂಟಿ ಗಾಜಾದ ಕಾರಣ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಬರುತ್ತವೆ. ಬಿಳಿ ಹೂವಿಗಂತೂ ಅದು ಎದ್ದು ಕಾಣುತ್ತದೆ. ಬಣ್ಣ ಸೋರದಂತೆ ಎರಡು ಮೂರು ಗಾಜು ಸೇರಿಸಿ ಮಾಡಿದ ಕ್ಲೋಸ್-ಅಪ್ ಲೆನ್ಸ್ ತಗೊಳ್ಳಿ. ರೇನಾಕ್ಸ್ ಡಿಸಿಆರ್-150 ಮತ್ತು 250 ಇದರಲ್ಲಿ ಹೆಸರುವಾಸಿ. ಸ್ಪ್ರಿಂಗ್ ಕ್ಲಿಪ್ ಒತ್ತಿ ಲೆನ್ಸಿನ ಮುಂದೆ ಕೂರಿಸುವುದು, ಅಷ್ಟೇ. 52ರಿಂದ 67 ಮಿಲಿಮೀಟರ್ ಫಿಲ್ಟರ್ ಅಳತೆಯ ಲೆನ್ಸುಗಳಿಗೆ ಕೂರುತ್ತದೆ.

ಇದರ ಲೆಕ್ಕವೂ ಸುಲಭ. 150ರ ಫೋಕಲ್ ಉದ್ದ ಸುಮಾರು 208 ಮಿಲಿಮೀಟರ್, 250ರದ್ದು 125. ನಿಮ್ಮ ಜೂಮ್ ಲೆನ್ಸಿನ ಫೋಕಲ್ ಉದ್ದವನ್ನು ಇದರಿಂದ ಭಾಗಿಸಿ. 55-250 ಲೆನ್ಸನ್ನು 250ಕ್ಕೆ ಇಟ್ಟು ಡಿಸಿಆರ್-150 ಹಾಕಿದರೆ 1.2 ಬರುತ್ತದೆ. 1:1 ದಾಟಿ ಹೋಯಿತು. 100ಕ್ಕೆ ಇಟ್ಟರೆ ಸುಮಾರು ಅರ್ಧ. ಹಿಂದಿನ ಲೆನ್ಸಿನ ಫೋಕಸನ್ನು ಇನ್ಫಿನಿಟಿಗೆ, ಅಂದರೆ ತೀರಾ ದೂರಕ್ಕೆ, ಇಟ್ಟರೆ ಹೂವು ಮತ್ತು ಗಾಜಿನ ನಡುವೆ ಸುಮಾರು 20 ಸೆಂಟಿಮೀಟರ್ ಜಾಗ ಉಳಿಯುತ್ತದೆ. ಗಿಡದ ಫೋಟೊಕ್ಕೆ ಅದು ಧಾರಾಳ. ಎರಡರಲ್ಲಿ ಒಂದೇ ತಗೊಳ್ಳುವುದಾದರೆ ಗಿಡಗಳಿಗೆ 150, ಹುಳುಗಳಿಗೆ 250. ಕಿಟ್ ಜೂಮ್ (ಕ್ಯಾಮೆರಾ ಜೊತೆಗೇ ಬರುವ ಜೂಮ್) ಇರುವ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದನ್ನೇ. ಬೆಲೆ ಮ್ಯಾಕ್ರೋ ಲೆನ್ಸಿನ ಒಂದು ಸಣ್ಣ ಪಾಲು.

ಎರಡನೆಯದು ಎಕ್ಸ್‌ಟೆನ್ಷನ್ ಟ್ಯೂಬ್. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಕೊಳವೆ. ಒಳಗೆ ಗಾಜು ಇಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದಷ್ಟು ಹಿಗ್ಗುವಿಕೆ ಸೇರುತ್ತದೆ. 50 ಎಂಎಂ ಲೆನ್ಸಿಗೆ 25 ಮಿಲಿಮೀಟರ್ ಟ್ಯೂಬ್ ಹಾಕಿದರೆ ಅರ್ಧ ಗಾತ್ರ. ಅದೇ ಟ್ಯೂಬನ್ನು 250ಕ್ಕೆ ಹಾಕಿದರೆ ಹತ್ತನೇ ಒಂದು ಪಾಲು, ಏನೂ ಉಪಯೋಗವಿಲ್ಲ. ನಿಮ್ಮ ಹತ್ತಿರ 50 ಎಂಎಂ ಇದ್ದರೆ ಮಾತ್ರ ಇದನ್ನು ಯೋಚಿಸಿ. ವಿದ್ಯುತ್ ಸಂಪರ್ಕದ ಚುಕ್ಕೆಗಳು ಇರುವುದನ್ನೇ ಕೇಳಿ. ಅವು ಇಲ್ಲದಿದ್ದರೆ ಕ್ಯಾಮೆರಾದಿಂದ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಬದಲಿಸಲು ಆಗುವುದಿಲ್ಲ.

ಮೂರನೆಯದು ರಿವರ್ಸ್ ರಿಂಗ್. ಲೆನ್ಸನ್ನು ತಲೆಕೆಳಗು ಮಾಡಿ ಹಾಕುವುದು. ಕೆಲವೇ ನೂರು ರೂಪಾಯಿ. ಬೆರಗು ಹುಟ್ಟಿಸುವಷ್ಟು ಹತ್ತಿರ ಹೋಗುತ್ತದೆ, ಆದರೆ ಹೂವು ಲೆನ್ಸಿಗೆ ನಾಲ್ಕೈದು ಸೆಂಟಿಮೀಟರ್ ದೂರಕ್ಕೆ ಬಂದಿರುತ್ತದೆ. ಲೆನ್ಸಿನ ಹಿಂಬದಿ ಗಾಜು ಧೂಳಿಗೆ ಬಾಯಿ ತೆರೆದಿರುತ್ತದೆ. ಮೇಜಿನ ಮೇಲೆ ಆಟ ಆಡಲು ಸರಿ. ಬೇಸಿಗೆಯ ಹೊಲಕ್ಕೆ ಬೇಡ.

ಮ್ಯಾಕ್ರೋ ಲೆನ್ಸೇ ಬೇಕು ಅಂದರೆ

ಉದ್ದ ನೋಡಿ ತಗೊಳ್ಳಿ. 40, 60, 90, 100, 105, ಇವೆಲ್ಲವೂ 1:1 ಕೊಡಬಲ್ಲವು. ಹೂವು ಒಂದೇ ಗಾತ್ರದಲ್ಲಿ ಬರುತ್ತದೆ. ಬದಲಾಗುವುದು ನೀವು ಎಷ್ಟು ದೂರದಲ್ಲಿ ಇರುತ್ತೀರಿ ಅನ್ನುವುದು. ಡಬ್ಬಿಯ ಮೇಲೆ ಬರೆದಿರುವ ಕನಿಷ್ಠ ಫೋಕಸ್ ದೂರ ಸೆನ್ಸರ್‌ನಿಂದ ಅಳೆದದ್ದು. ಅದರಲ್ಲಿ ಕ್ಯಾಮೆರಾ, ಲೆನ್ಸ್ ಎರಡೂ ಸೇರಿರುತ್ತವೆ. ನಿಕಾನ್‌ನ 40 ಎಂಎಂ ಮೈಕ್ರೋದಲ್ಲಿ ಅದು 16.3 ಸೆಂಟಿಮೀಟರ್, ಲೆನ್ಸಿನ ತುದಿಯಿಂದ ಹೂವಿಗೆ ಉಳಿಯುವುದು ನಾಲ್ಕೈದು ಬೆರಳಗಲಕ್ಕಿಂತ ಕಡಿಮೆ. ಕ್ಯಾನನ್ 60ರಲ್ಲಿ 20 ಸೆಂಟಿಮೀಟರ್, ಉಳಿಯುವುದು ಅದರಲ್ಲಿ ಅರ್ಧಕ್ಕೂ ಕಡಿಮೆ. 90, 100, 105ರಲ್ಲಿ 30ರ ಆಸುಪಾಸು, ಉಳಿಯುವುದು ಅರ್ಧ ಗೇಣಿಗಿಂತ ತುಸು ಜಾಸ್ತಿ. (ನಿಕಾನ್‌ನವರು ಮ್ಯಾಕ್ರೋಕ್ಕೆ 'ಮೈಕ್ರೋ' ಅನ್ನುತ್ತಾರೆ. ಗೊಂದಲ ಬೇಡ.)

ಆ ಜಾಗ ಯಾಕೆ ಮುಖ್ಯ ಅಂದರೆ, ಸೂರ್ಯ ಬೆನ್ನ ಹಿಂದೆ ಇದ್ದಾಗ ಗಿಡ್ಡ ಲೆನ್ಸ್ ತನ್ನ ನೆರಳನ್ನೇ ಹೂವಿನ ಮೇಲೆ ಹಾಕುತ್ತದೆ. ಕುಸುಬೆ ಹೂವಿನ ಸುತ್ತ ಮುಳ್ಳೆಲೆ ಇರುತ್ತವೆ, ಗಾಜು ಅದಕ್ಕೆ ತಾಗುತ್ತದೆ. ಎಕ್ಕದ ಎಲೆ ಮುರಿದರೆ ಹಾಲು ಸಿಡಿಯುತ್ತದೆ, ಅದು ಕಣ್ಣಿಗೂ ಕೆಟ್ಟದ್ದು, ಲೆನ್ಸಿಗೂ ಕೆಟ್ಟದ್ದು. ತುಂಬೆ ಬೆಳೆಯುವ ಬದುವಿನಲ್ಲಿ ಮಳೆಗಾಲದಲ್ಲಿ ಹಾವು ಇರುವುದು ಹೊಸ ಸುದ್ದಿ ಏನಲ್ಲ. ಹಾಗಾಗಿ ನಮ್ಮ ಕಡೆಗೆ 90ರಿಂದ 105ರ ನಡುವಿನದೇ ಸರಿ ಅಂತ ನನ್ನ ಅಭಿಪ್ರಾಯ. 60 ಹಗುರ, ಅಗ್ಗ, ಕುಂಡದ ಗಿಡಗಳಿಗೆ ಚಂದ. ಮನೆಯ ಮಾಳಿಗೆಯಲ್ಲೇ ಫೋಟೊ ತೆಗೆಯುವವರಿಗೆ ಅದೇ ಸಾಕು.

ಯಾವ ಕಂಪನಿ? ನಿಜ ಹೇಳಬೇಕೆಂದರೆ ಕೆಟ್ಟ ಮ್ಯಾಕ್ರೋ ಲೆನ್ಸ್ ಸಿಗುವುದೇ ಕಷ್ಟ. ಟ್ಯಾಮ್ರಾನ್ 90, ಟೋಕಿನಾ 100, ಸಿಗ್ಮಾ 105, ಕ್ಯಾನನ್ 100, ನಿಕಾನ್ 105, ಎಲ್ಲವೂ ಸ್ಪಷ್ಟವಾದ ಚಿತ್ರ ಕೊಡುತ್ತವೆ. ಕೈಯಿಂದಲೇ ಫೋಕಸ್ ಮಾಡಲು ಬೇಸರ ಇಲ್ಲದವರಿಗೆ ಲಾವೋವಾದ 2:1 (ನಿಜ ಗಾತ್ರದ ಎರಡು ಪಟ್ಟು) ಲೆನ್ಸುಗಳೂ ಇವೆ. ಹತ್ತಿರದ ಕೆಲಸದಲ್ಲಿ ಆಟೋಫೋಕಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ, ಕೊನೆಗೆ ನೀವೂ ಕೈಯಿಂದಲೇ ಮಾಡುತ್ತೀರಿ. ಅಲುಗಾಟ ತಡೆಯುವ ವ್ಯವಸ್ಥೆಗೆ ಜಾಸ್ತಿ ದುಡ್ಡು ಕೊಡುವ ಮುನ್ನ ಯೋಚಿಸಿ. ಅದು ನಿಮ್ಮ ಕೈ ನಡುಕವನ್ನು ಸ್ವಲ್ಪ ತಡೆಯುತ್ತದೆ, 1:1 ಹತ್ತಿರ ಹೋದಂತೆ ಅದೂ ಕಡಿಮೆ. ಹೂವಿನ ಅಲುಗಾಟಕ್ಕೆ ಅದರಿಂದ ಏನೂ ಆಗದು.

ಹೀಗಾಗಿ ಸೆಕೆಂಡ್ ಹ್ಯಾಂಡ್ ನೋಡುವುದು ಜಾಣತನ. ಬೀದರಿನವರು, ನಮ್ಮವರು ಸಾಮಾನ್ಯವಾಗಿ ಹೈದರಾಬಾದಿನ ಕೋಠಿಗೆ ಹೋಗುತ್ತಾರೆ. ಹೋಗುವಾಗ ಸಣ್ಣ ಟಾರ್ಚ್ ಇರಲಿ. ಲೆನ್ಸಿನ ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಅದು ಬೂಷ್ಟು, ಬಿಟ್ಟು ಬನ್ನಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಮಿನುಗಬಾರದು. ನಿಕಾನ್ 3000 ಅಥವಾ 5000 ಸರಣಿಯ ಕ್ಯಾಮೆರಾ ಇದ್ದವರಿಗೆ ಇನ್ನೊಂದು ಮಾತು: ಅವುಗಳಲ್ಲಿ ಫೋಕಸ್ ಮೋಟರ್ ಇಲ್ಲ. ಕ್ಯಾಮೆರಾದ ಮೋಟರಿನಿಂದಲೇ ಫೋಕಸ್ ಆಗುವ ಹಳೆಯ ಎಎಫ್-ಡಿ ಲೆನ್ಸುಗಳು ಅವುಗಳಲ್ಲಿ ಕೈ ಫೋಕಸ್ ಮಾತ್ರ. ಮ್ಯಾಕ್ರೋಕ್ಕೆ ಅದು ದೊಡ್ಡ ಅಡ್ಡಿಯಲ್ಲ, ಬೆಲೆ ಇಳಿಸಿ ಕೇಳಲು ಒಳ್ಳೆಯ ನೆಪ.

ಗಾಳಿ, ಬಿಸಿಲು, ಕಪ್ಪು ಮಣ್ಣು

ಈಗ ಬಂದೆವು ನಿಜವಾದ ಸಂಗತಿಗೆ. 1:1ರಲ್ಲಿ ಅಪರ್ಚರ್ ಎಫ್ 8 (ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು) ಇಟ್ಟರೆ ಕ್ರಾಪ್ ಸೆನ್ಸರ್‌ನಲ್ಲಿ ಸ್ಪಷ್ಟವಾಗಿ ಕಾಣುವ ಪದರ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅರ್ಧ ಗಾತ್ರಕ್ಕೆ ಇಳಿದರೆ ಸುಮಾರು ಎರಡು ಮಿಲಿಮೀಟರ್. ಜೊತೆಗೆ 1:1ರಲ್ಲಿ ಎಫ್ 8 ಇಟ್ಟರೂ ಬೆಳಕಿನ ಲೆಕ್ಕಕ್ಕೆ ಅದು ಎಫ್ 16 ಇದ್ದಂತೆ. ನಿಕಾನ್ ಕ್ಯಾಮೆರಾಗಳು ಹತ್ತಿರ ಹೋದಂತೆ ಈ ಬದಲಾದ ಸಂಖ್ಯೆಯನ್ನೇ ತೋರಿಸುತ್ತವೆ. ಎಫ್ 2.8 ಲೆನ್ಸ್ 2.8ಕ್ಕೆ ಹೋಗುತ್ತಿಲ್ಲ ಅಂತ ಗಾಬರಿ ಆಗಬೇಡಿ. ಎಫ್ 22ಕ್ಕೆ ಒತ್ತಿದರೆ ಆಳ ಸಿಗುತ್ತದೆ, ಆದರೆ ಪೂರ್ತಿ ಚಿತ್ರ ಮಂಕಾಗುತ್ತದೆ. ನಾನು ಎಫ್ 8ರಿಂದ 11ರ ನಡುವೆ ಇರುತ್ತೇನೆ. ಉಳಿದದ್ದನ್ನು ಕೋನದಿಂದ ಸಂಪಾದಿಸುತ್ತೇನೆ. ಎಲೆ ಅಥವಾ ಹೂವಿನ ಮುಖ್ಯ ಭಾಗಕ್ಕೆ ಸೆನ್ಸರ್ ಸಮಾನಾಂತರ ಇದ್ದರೆ ಎರಡು ಮಿಲಿಮೀಟರ್‌ನಲ್ಲೇ ಬೇಕಾದಷ್ಟು ಬರುತ್ತದೆ.

ಇಷ್ಟು ತೆಳು ಪದರದಲ್ಲಿ ಹೂವು ಕೂದಲೆಳೆಯಷ್ಟು ಅಲ್ಲಾಡಿದರೂ ಮುಗಿಯಿತು. ಬಿಸಿಲು ಏರಿದಂತೆ ಗಾಳಿ ಏಳುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ತೊಗರಿ ಹೂ ಬಿಟ್ಟಾಗ ಸೂರ್ಯ ಹುಟ್ಟಿದ ಮೇಲಿನ ಮೊದಲ ಒಂದೂವರೆ ತಾಸು ಬಿಟ್ಟರೆ ಮತ್ತೆ ಸುಮ್ನೆ ಕಾಯುವುದೇ ಆಗುತ್ತದೆ. ತೊಗರಿ ಗಿಡ ಎತ್ತರ, ಕೊಂಬೆ ತೆಳು, ಅದು ಪೂರ್ತಿ ತೂಗುತ್ತದೆ. ಇದಕ್ಕೆ ನನ್ನ ಸಾಧನ ಬಟ್ಟೆಗೆ ಹಾಕುವ ಕ್ಲಿಪ್ ಮತ್ತು ದಪ್ಪ ತಂತಿ. ತಂತಿಯ ಒಂದು ತುದಿ ನೆಲಕ್ಕೆ ಚುಚ್ಚಿ, ಇನ್ನೊಂದು ತುದಿಗೆ ಕ್ಲಿಪ್ ಕಟ್ಟಿ, ಹೂವಿನ ಕೆಳಗಿನ ಕಾಂಡವನ್ನು ಮೆಲ್ಲಗೆ ಹಿಡಿಸುವುದು. ಕ್ಲಿಪ್ಪಿನ ಬಾಯಿಗೆ ಸ್ಪಂಜಿನ ತುಣುಕು ಅಂಟಿಸಿ, ಕಾಂಡ ಜಜ್ಜಬಾರದು. ಕಂಪನಿಯದೂ ಇಂಥದ್ದೇ ಸಿಗುತ್ತದೆ, ಬೆಲೆ ಮಾತ್ರ ಬೇರೆ. ಗಾಳಿ ಬರುವ ಕಡೆ ಛತ್ರಿ ಬಿಚ್ಚಿ ಇಡಿ. ಇನ್ನೊಬ್ಬರ ಹೊಲವಾದರೆ ಕೇಳಿಯೇ ಕಾಲಿಡಿ. ಮೊಣಕಾಲೂರಿ ಕೂತಿದ್ದಾಗ "ಏನ್ ಕಳಕೊಂಡೀರಿ ಅಕ್ಕೋರ?" ಅಂತ ಕೇಳಿದ ರೈತರು ಆಮೇಲೆ ಗಂಟೆಗಟ್ಟಲೆ ನಿಂತು ಯಾವ ಬದುವಿನಲ್ಲಿ ಯಾವ ಹೂವಿದೆ ಅಂತ ತೋರಿಸಿದ್ದುಂಟು.

ಟ್ರೈಪಾಡ್ ಎತ್ತರದ್ದು ಬೇಡ, ತಗ್ಗಿಗೆ ಇಳಿಯುವುದು ಬೇಕು. ಕಾಲುಗಳು ಪೂರ್ತಿ ಅಗಲವಾಗಿ ನೆಲಕ್ಕೆ ಒರಗಬೇಕು, ನಡುಗಂಬ ಕಿತ್ತು ತಲೆಕೆಳಗಾಗಿ ಅಥವಾ ಅಡ್ಡಲಾಗಿ ಹಾಕಲು ಬರಬೇಕು. ನಮ್ಮ ಎರೆ ಮಣ್ಣು ಹಸಿ ಇದ್ದಾಗ ಕಾಲು ನಿಧಾನಕ್ಕೆ ಕುಸಿಯುತ್ತಲೇ ಇರುತ್ತದೆ, ನೀವು ಫೋಕಸ್ ಮಾಡಿ ಬಟನ್ ಒತ್ತುವಷ್ಟರಲ್ಲಿ ಅದು ಸರಿದಿರುತ್ತದೆ. ಮೂರು ಕಾಲಿಗೂ ಅಡಿಯಲ್ಲಿ ಶಹಾಬಾದ್ ಫರ್ಸಿ ಕಲ್ಲಿನ ಅಂಗೈಯಗಲದ ತುಂಡು ಇಡಿ. ಮನೆ ಕಟ್ಟುವ ಕಡೆ ಬಿದ್ದಿರುತ್ತವೆ. ನೆಲಕ್ಕೆ ಅಂಟಿದ ಹೂಗಳಿಗೆ ಟ್ರೈಪಾಡ್‌ಗಿಂತ ಚೀಲ ಮೇಲು. ಗಟ್ಟಿ ಬಟ್ಟೆಯ ಚೀಲಕ್ಕೆ ಜೋಳ ತುಂಬಿ ಹೊಲಿದರೆ ಕ್ಯಾಮೆರಾ ಅದರಲ್ಲಿ ಕೂತುಬಿಡುತ್ತದೆ. ಮಳೆಗಾಲಕ್ಕೆ ಮೊದಲು ಖಾಲಿ ಮಾಡಿ, ಇಲ್ಲದಿದ್ದರೆ ನುಸಿ ಹಿಡಿಯುತ್ತದೆ. ಮೊಣಕಾಲಿಗೆ ಗೋಣಿ ತಟ್ಟು, ನೆಗ್ಗಿಲು ಮುಳ್ಳಿನ ಮೇಲೆ ಒಮ್ಮೆ ಕೂತವರಿಗೆ ಇದನ್ನು ಹೇಳಬೇಕಿಲ್ಲ.

ಟ್ರೈಪಾಡ್ ಮೇಲೆ ಇದ್ದಾಗ ಹಿಂದಿನ ಪರದೆಯಲ್ಲಿ ಕಾಣುವ ಲೈವ್ ವ್ಯೂ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಕೈಯಿಂದ ಫೋಕಸ್ ಮಾಡಿ. ಎರಡು ಸೆಕೆಂಡ್ ಟೈಮರ್ ಇಡಿ, ರಿಮೋಟ್ ಆಮೇಲೆ ಬೇಕಾದರೆ ಕೊಳ್ಳಬಹುದು. ಕ್ಯಾಮೆರಾವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವ ಫೋಕಸ್ ರೈಲ್ ಅನ್ನುವುದನ್ನು ನಾನು ಹೊಲಕ್ಕೆ ಒಯ್ಯುವುದೇ ಇಲ್ಲ.

ಬಿಸಿಲಿಗೆ ಡಿಫ್ಯೂಸರ್, ಅಂದರೆ ಬೆಳಕನ್ನು ಮೆತ್ತಗೆ ಮಾಡುವ ಬಿಳಿ ಪರದೆ. ಐದು ಬಗೆಯ ರಿಫ್ಲೆಕ್ಟರ್ ಒಟ್ಟಿಗೆ ಬರುವ ಮಡಚುವ ತಟ್ಟೆ ಸಿಗುತ್ತದೆ, ಒಳಗಿನ ಬಿಳಿ ಅರೆಪಾರದರ್ಶಕ ಬಟ್ಟೆಯೇ ಅದರ ಜೀವ. 60 ಸೆಂಟಿಮೀಟರ್‌ನದು ಸಾಕು. ಅದೂ ಬೇಡ ಅಂದರೆ ಹಳೆಯ ಬಿಳಿ ಧೋತರದ ತುಂಡನ್ನು ತಂತಿಯ ಬಳೆಗೆ ಬಿಗಿದು ಹೊಲಿಯಿರಿ. ಹೂವಿಗೆ ಎಷ್ಟು ಹತ್ತಿರ ಹಿಡಿಯುತ್ತೀರೋ ಬೆಳಕು ಅಷ್ಟು ಮೆತ್ತಗೆ. ನಿಮ್ಮ ದೇಹದ ನೆರಳು ಇದಕ್ಕೆ ಬದಲಿಯಲ್ಲ, ನೆರಳಿನಲ್ಲಿ ಬಣ್ಣ ನೀಲಿಗೆ ವಾಲುತ್ತದೆ. ಬೀದರಿನ ಕೆಂಪು ಮುರ್ರಂ ನೆಲದಲ್ಲಿ ಇನ್ನೊಂದು ತೊಂದರೆ. ನೆಲದಿಂದ ಪುಟಿದ ಕೆಂಪು ಬೆಳಕು ಬಿಳಿ ದಳದ ತಳಕ್ಕೆ ಬಡಿಯುತ್ತದೆ. ಹೂವಿನ ಕೆಳಗೆ ಬಿಳಿ ಕಾಗದ ಇಟ್ಟರೆ ಸರಿ.

ಕಪ್ಪು ಮಣ್ಣಿನ ಆಟ ಬೇರೆ. ತುಂಬೆಯ ಬಿಳಿ ಹೂವಿನ ಹಿಂದೆ ಎರೆ ಮಣ್ಣು ತುಂಬಿದ್ದರೆ ಕ್ಯಾಮೆರಾದ ಮೀಟರ್ ಎಲ್ಲ ಕತ್ತಲಾಗಿದೆ ಅಂದುಕೊಂಡು ಬೆಳಕು ಏರಿಸುತ್ತದೆ. ಹೂವು ಸುಣ್ಣದ ಚುಕ್ಕೆಯಾಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಮೀಟರಿನ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಮೈನಸ್ ಒಂದರ ಆಸುಪಾಸು ಇಟ್ಟು ಹಿಸ್ಟೋಗ್ರಾಮ್, ಅಂದರೆ ಕತ್ತಲು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ನೋಡಿ.

ಫ್ಲ್ಯಾಷ್ ಬಗ್ಗೆ ಗಿಡ ತೆಗೆಯುವವರಿಗೆ ಭಯ ಜಾಸ್ತಿ. ಗಾಳಿ ನಿಲ್ಲದ ದಿನ ಅದೇ ಗತಿ. ಚಿಕ್ಕ ಫ್ಲ್ಯಾಷ್ ಮುಂದೆ ದೊಡ್ಡ ಬಿಳಿ ಡಿಫ್ಯೂಸರ್ ಇದ್ದರೆ ಬೆಳಕು ಸಹಜವಾಗೇ ಕಾಣುತ್ತದೆ. ಲೆನ್ಸಿಗೆ ಸುತ್ತುವ ಎಲ್‌ಇಡಿ ರಿಂಗ್ ಲೈಟ್ ಮಾತ್ರ ಬೇಡ. ಶಕ್ತಿ ಕಡಿಮೆ, ಬೆಳಕು ಚಪ್ಪಟೆ, ಪ್ರತಿ ಇಬ್ಬನಿ ಹನಿಯಲ್ಲೂ ಬಿಳಿ ಬಳೆ ಕೂರುತ್ತದೆ. ಸರ್ಕ್ಯುಲರ್ ಪೋಲರೈಸರ್ ಅನ್ನುವ ಫಿಲ್ಟರ್ ತಗೊಳ್ಳಬಹುದು. ಎಲೆಯ ಹೊಳಪು ತೆಗೆದು ಹಸಿರನ್ನು ಹೊರಗೆ ತರುತ್ತದೆ, ಆದರೆ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ).

ಗುರುತು ಹಿಡಿಯಲು ಫೋಟೊ ತೆಗೆಯುವವರಿಗೆ ಒಂದು ಮಾತು. ಚಿಂಚೋಳಿ ಕಾಡಿಗೆ ಹೋಗಿ ಬಂದವರು ಹೂವಿನ ಮುಖದ ಫೋಟೊ ಒಂದೇ ತಂದು "ಮೇಡಮ್, ಇದು ಯಾವ ಗಿಡ?" ಅನ್ನುತ್ತಾರೆ. ಹೇಗೆ ಹೇಳಲಿ? ಹೂವಿನ ಬೆನ್ನು, ಅಂದರೆ ಪುಷ್ಪಪಾತ್ರೆ ಬೇಕು. ಎಲೆಯ ತಳಭಾಗ, ಎಲೆ ಕಾಂಡಕ್ಕೆ ಸೇರುವ ಜಾಗ, ಕಾಯಿ ಇದ್ದರೆ ಕಾಯಿ, ಕೊನೆಗೆ ಇಡೀ ಗಿಡ. ಒಂದು ಫ್ರೇಮಿನಲ್ಲಿ ಮಿಲಿಮೀಟರ್ ಗೆರೆಯ ಕಾಗದದ ಪಟ್ಟಿ ಪಕ್ಕಕ್ಕೆ ಇರಲಿ. ಇವೆಲ್ಲ ಒಂದೇ ಜೂಮಿನಿಂದ ಆಗುತ್ತವೆ, ಬೇಕಾದಾಗ ಕ್ಲೋಸ್-ಅಪ್ ಲೆನ್ಸ್ ಹಾಕುವುದು, ಬೇಡವಾದಾಗ ಬಿಚ್ಚುವುದು, ಅಷ್ಟೇ. ಅಭಯಾರಣ್ಯಕ್ಕೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಅಲ್ಲಿ ಹೂ ಕೀಳುವುದು, ಕೊಂಬೆ ಬಗ್ಗಿಸುವುದು ಬೇಡ.

ಕಡಲೆ ಹೊಲದಲ್ಲಿ ಕೆಲಸ ಮುಗಿಸಿದ ಮೇಲೆ ಕೈ ತೊಳೆದೇ ಲೆನ್ಸ್ ಮುಟ್ಟಿ. ಕಡಲೆ ಎಲೆಯ ಕೂದಲುಗಳಿಂದ ಹುಳಿ ಒಸರುತ್ತದೆ, ಇಬ್ಬನಿಯ ಜೊತೆ ಅದು ಬಟ್ಟೆಗೂ ಕ್ಯಾಮೆರಾಕ್ಕೂ ಹತ್ತುತ್ತದೆ. ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಬಾಡಿಯನ್ನು ಒರೆಸಿ. ಗಾಜಿಗೆ ಮೊದಲು ಬ್ಲೋವರ್, ಆಮೇಲೆ ಬ್ರಶ್, ಕೊನೆಗೆ ಬಟ್ಟೆ. ಎರೆ ಮಣ್ಣಿನ ಧೂಳನ್ನು ನೇರ ಬಟ್ಟೆಯಿಂದ ಉಜ್ಜಿದರೆ ಗೀರು ಖಂಡಿತ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಅದರ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.